ಅಜ್ಜ ನೆಟ್ಟ ಕಲ್ಲು

“ಗೇಣಿಯವನ ಮಗ ಅಳತೆ ಸರಪಳಿ ಹಿಡಿದ ತಕ್ಷಣ ಸಾಹೇಬ ಆಗಲ್ಲ ಕಣೋ. ನಿಮ್ಮಪ್ಪ ನಮ್ಮಂಥವರ ಮುಂದೆ ಕೈಕಟ್ಟಿ ನಿಂತವನು. ನೀನೂ ಕೈಕಟ್ಟಿ ಮಾತಾಡು.”

ಹೊಲದ ನಡುವೆ, ಇಡೀ ಊರಿನ ಎದುರು, ಒಡೆಯ ಹೀಗೆಂದ. ಭೂಮಿ ಅಳೆಯಲು ಹೊಸದಾಗಿ ಬಂದಿದ್ದ ಸರ್ವೆಯವನ ಕಿವಿ ಬಿಸಿಯಾಯಿತು.

ಕಾಲ ಬಳಿ ಗಡಿಯ ಕರಿ ಕಲ್ಲು. ಒಡೆಯನ ಅಜ್ಜ ಪರದೇಶಿ ಸರ್ಕಾರಕ್ಕೆ ಕಂದಾಯ ಕಿತ್ತುಕೊಟ್ಟು, ಅವರ ಮುದ್ರೆ ಕೊರೆಸಿಕೊಂಡು ನೆಟ್ಟದ್ದು. ಅಂದಿನಿಂದ ನಲವತ್ತು ಮನೆಯವರು ತಮ್ಮ ಹೊಲದಲ್ಲೇ ಆಳುಗಳಾದರು. ಪರದೇಶಿಗಳು ಹಡಗು ಹತ್ತಿದರು, ಕಲ್ಲು ಹತ್ತಲಿಲ್ಲ. ಈಗ ಉತ್ತವರಿಗೇ ಭೂಮಿ ಕೊಡುವ ಕಾನೂನು ಬಂದಿತ್ತು. ಕಲ್ಲು ಕಿತ್ತು ಹೊಸ ಗಡಿ ಹಾಕದಿದ್ದರೆ ಪಕ್ಕದಲ್ಲಿ ನಿಂತಿದ್ದ ಮುದುಕಿಯ ಎರಡು ಎಕರೆ ಒಡೆಯನ ಹೊಲದೊಳಗೇ ಉಳಿಯುತ್ತಿತ್ತು. ಅವಳ ಗಂಡನೂ ಮಗನೂ ಸವೆದು ಸತ್ತದ್ದು ಅದೇ ಮಣ್ಣಿನಲ್ಲಿ.

“ಮಂತ್ರ ಹಾಕಿಸಿ ನೆಟ್ಟಿದ್ದು,” ಒಡೆಯ ದನಿ ತಗ್ಗಿಸಿದ. “ಕಿತ್ತವನ ಬಾಯಿ ನಮ್ಮ ಮನೇದಾಗುತ್ತೆ.”

“ಹಾಗಾದ್ರೆ ಇವತ್ತಿಂದ ಊಟಾನೂ ನಿಮ್ಮದೇ ಬಿಡಿ, ಬುದ್ಧೀ,” ಸರ್ವೆಯವನು ಎಲ್ಲರಿಗೂ ಕೇಳುವಂತೆ ಅಂದ.

ಜನ ನಕ್ಕರು. ಹಾರೆ ಹಿಡಿಯಲು ಮಾತ್ರ ಒಬ್ಬನೂ ಬರಲಿಲ್ಲ. ಸರ್ವೆಯವನೇ ಹಾರೆ ಎತ್ತಿಕೊಂಡ.

“ಬೇಡ ಮಗಾ,” ಮುದುಕಿ ಅವನ ತೋಳು ಹಿಡಿದಳು.

“ಸುಮ್ನಿರಮ್ಮ. ಕಲ್ಲಿಗೆ ಹೆದರಿ ಹೆದರಿ ತಾನೆ ಇಷ್ಟು ದಿನ ಹೋಗಿದ್ದು?”

ಕಲ್ಲು ಅಲುಗಿತು. ಉರುಳಿತು. ಗುಂಡಿಯೊಳಗಿಂದ ಹಳಸಿದ ರಕ್ತದ ನಾತ ಎದ್ದಿತು. ತಳದಲ್ಲಿ ಒಂದು ಕುಡಿಕೆ. ಅದರೊಳಗೆ ಒಣಗಿ ಚರ್ಮವಾದ ನಾಲಿಗೆ. ಅದಕ್ಕೆ ಅಡ್ಡಡ್ಡ ಹೊಡೆದ ಏಳು ಮೊಳೆ. ಅವನು ಅದನ್ನು ಬೂಟಿನಿಂದ ದೂರಕ್ಕೆ ಒದ್ದ. ಮರುಗಳಿಗೆ ಬಾಯಲ್ಲಿ ಮಣ್ಣಿನ ರುಚಿ. ಮೂರು ಸಲ ಮುಕ್ಕಳಿಸಿದರೂ ಹೋಗಲಿಲ್ಲ.

ಮಧ್ಯಾಹ್ನ ಶಾಲೆಯ ಕೋಣೆಯಲ್ಲಿ, ಭೂಮಿ ಯಾರದೆಂದು ತೀರ್ಮಾನಿಸುವ ವಿಚಾರಣೆ. ಬೆವರು, ಸೀಮೆಸುಣ್ಣ, ಅರಗಿನ ವಾಸನೆ. ಸಾಕ್ಷಿ ಹೇಳಬೇಕಾದವರು ಒಡೆಯನ ಮುಖ ನೋಡಿ ತಲೆ ತಗ್ಗಿಸಿದರು. ಉಳಿದದ್ದು ಸರ್ವೆಯವನ ಮಾತೊಂದೇ.

“ಆ ಎರಡು ಎಕರೆ ಉಳ್ತಿರೋದು ಯಾರು?” ಅಧಿಕಾರಿ ಕೇಳಿದರು.

ಅವನು ಮುದುಕಿಯತ್ತ ನೋಡಿದ. ಬಾಯಿ ತೆರೆದ.

“ಒಡೆಯರು.”

ಅವನದೇ ದನಿ. ಮಾತು ಅವನದಲ್ಲ. ಅಲ್ಲ ಎನ್ನಲು ಹೋದ. “ಒಡೆಯರು.” ನಾಲಿಗೆಯಲ್ಲಿ ಏಳು ಕಡೆ ಚುಚ್ಚಿತು. ಪೆನ್ನು ಕಿತ್ತುಕೊಂಡು ಬರೆದ. ಕಾಗದದ ಮೇಲೂ ಅದೇ. ಅಧಿಕಾರಿ ಅದರ ಮೇಲೇ ಮುದ್ರೆ ಒತ್ತಿದರು.

ಒಡೆಯ ನಗಲಿಲ್ಲ. ಹಳೆಯ ಆಳನ್ನು ನೋಡುವಂತೆ ನೋಡಿ, “ಊಟಕ್ಕೆ ಬಾ,” ಎಂದ.

ಮೆಟ್ಟಿಲ ಬಳಿ ಮುದುಕಿ ಕಾದಿದ್ದಳು. ಬೈಯಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಬಿತ್ತನೆ ಬೀಜವನ್ನು ಸುಮ್ಮನೆ ಬಿಚ್ಚುತ್ತ, ಮತ್ತೆ ಗಂಟು ಹಾಕುತ್ತ ಕೇಳಿದಳು: “ಅವರ ಮನೇಲಿ ಉಂಡೆಯೇನಪ್ಪಾ? ನಿನ್ನ ನಮ್ಮೋನು ಅಂದ್ಕೊಂಡಿದ್ನಲ್ಲೋ.”

‘ಒಡೆಯರು’ ಎಂಬ ಅದೇ ಮಾತು ನಾಲಿಗೆಯ ತುದಿಗೆ ಬಂದು ಕಾದಿತ್ತು. ಅವನು ಹಲ್ಲು ಕಚ್ಚಿದ. ತುಟಿಯಂಚಿನಿಂದ ಕೆಮ್ಮಣ್ಣು ಜಿನುಗಿತು. ಅವಳಿಗೆ ಕಾಣದಂತೆ ಒರೆಸಿಕೊಂಡು, ಸರಪಳಿಯನ್ನು ಅಲ್ಲೇ ಬಿಟ್ಟು, ತಿರುಗಿ ನೋಡದೆ ನಡೆದ.