ಪಾಟಿಯಲ್ಲಿ ಗೆದ್ದ ಕಾಕಾ

“ಭರಮಜ್ಜೀ, ನಿನ್ನ ಓಟು ನಮ್ಮ ಕಾಕಾಗ ಹೌದಿಲ್ಲೊ?”

ವೀರವ್ವ ಪಾಟಿ, ಬಳಪ ಹಿಡಿದು ಮೂಲೆಮನೆಯ ಅಜ್ಜಿಯ ಮುಂದೆ ನಿಂತಿದ್ದಳು. ೧೯೩೮ರ ಆ ದಿನಗಳಲ್ಲಿ ರಟ್ಟೀಹಳ್ಳಿಯ ತುಂಬ ಲೋಕಲ್ ಬೋರ್ಡ್ ಇಲೆಕ್ಷನ್ನಿನದೇ ಮಾತು. ಅವಳ ಕಾಕಾ ಪರಮೇಶ್ವರಪ್ಪ ನಿಂತಿದ್ದ; ಎದುರಿಗೆ ಕರಬಸಪ್ಪ.

“ಇಲ್ಲವ್ವಾ, ನಂದು ಕರಬಸಪ್ಪಗ,” ಎಂದಳು ಅಜ್ಜಿ, ಶೇಂಗಾ ಸುಲಿಯುತ್ತ.

‘ಪಾಪ, ಅಜ್ಜಿಗೆ ಅರಳುಮರಳು’ ಎಂದುಕೊಂಡು ವೀರವ್ವ ಕಾಕಾನ ಹೆಸರಿನ ಕೆಳಗೇ ಗೆರೆ ಎಳೆದಳು.

ಮುಂದಿನ ಮನೆಯ ನಾಗಪ್ಪ, “ನೋಡೋಣು ಬಿಡವಾ,” ಎಂದು ನಕ್ಕ. ನಕ್ಕನೆಂದ ಮೇಲೆ ನಮ್ಮ ಕಡೆಯವನೇ! ಇನ್ನೊಂದು ಗೆರೆ. ಅದರಾಚೆ ಮನೆಯ ಉಳವಪ್ಪ ಕೈಗೆ ಬೆಲ್ಲ ಕೊಟ್ಟು ಮಾತು ಮರೆಸಿದ. ಬೆಲ್ಲ ಕೊಟ್ಟವನು ಓಟು ಕೊಡುವುದಿಲ್ಲವೇ? ಮತ್ತೊಂದು.

ಜೊತೆಗೆ ಬಂದಿದ್ದ ಗೆಳತಿ ಗುತ್ತೆವ್ವನಿಗೆ ತಡೆಯಲಾಗಲಿಲ್ಲ. “ಅವರು ಹೂಂ ಅಂದಿಲ್ಲಲೇ. ಬಾಗಿಲಿಗೆ ಬಂದ ಹುಡುಗಿಗೆ ಇಲ್ಲ ಅನ್ನಾಕ ಮನಸ್ಸಾಗಿಲ್ಲ, ಅಷ್ಟ. ನಿಮ್ಮ ಕಾಕಾ ಸೋಲ್ತಾರ ನೋಡು.”

“ನೀ ಕರಬಸಪ್ಪನ ಕಡೆ! ಅದಕ್ಕ ಹಂಗಂತಿ.”

“ನಮ್ಮಪ್ಪಗ ಓಟು ಎಲ್ಲೈತಿ? ಹೊಲಾ ಇದ್ದವರಿಗಷ್ಟ ಓಟು. ಯಾರು ಗೆದ್ದರ ನನಗೇನು? ಕೇಳಿದ್ದನ್ನ ಹೇಳೇನಿ.”

“ಹೋಗು! ನಿನ್ನ ಜೋಡಿ ಟೂ!”

ವಾರವಿಡೀ ವೀರವ್ವ ಶಾಲೆಯಲ್ಲಿ ಬೇರೆ ಕಡೆ ಕುಳಿತಳು. ಗುತ್ತೆವ್ವ ಎರಡು ಸಲ ಮಾತಾಡಿಸಲು ಬಂದಳು. ಎರಡೂ ಸಲ ವೀರವ್ವ ಮುಖ ತಿರುವಿದಳು. ಮನೆಯಲ್ಲಿ ಮಾತ್ರ ಪಾಟಿ ತೋರಿಸಿದ್ದೇ ತೋರಿಸಿದ್ದು.

“ಐವತ್ತೆರಡಕ್ಕ ನಾಕು, ಕಾಕಾ!”

ಆ ನಾಲ್ಕು ಕರಬಸಪ್ಪನ ಸ್ವಂತ ಮನೆಯವರವು. ಕಾಕಾ ಹಿಗ್ಗಿ ಹೀರೇಕಾಯಿಯಾದ. ಗೆಲುವಿನ ಮೆರವಣಿಗೆಗೆಂದು ಬಾಜಾದವರಿಗೂ ಹೇಳಿಬಿಟ್ಟ.

ಫಲಿತಾಂಶ ಬಂತು. ಕಾಕಾ ಸೋತಿದ್ದ, ಅದೂ ಚೆನ್ನಾಗಿಯೇ ಸೋತಿದ್ದ. ಬಾಗಿಲವರೆಗೆ ಬಂದ ಬಾಜಾದವರು ಹಾಗೇ ಕರಬಸಪ್ಪನ ಮನೆಯ ಕಡೆ ತಿರುಗಿದರು.

ವೀರವ್ವನಿಗೆ ಅಳು ಬಂತು. ಕಾಕಾ ಸೋತದ್ದಕ್ಕೆ ಸ್ವಲ್ಪ. ನಿಜ ಹೇಳಿದ ಗೆಳತಿಗೆ ಮುಖ ತಿರುವಿದ್ದಕ್ಕೆ ಬಹಳ. ಅವಳು ಒಂದೇ ಓಟದಲ್ಲಿ ಗುತ್ತೆವ್ವನ ಮನೆ ಸೇರಿದಳು. ಗುತ್ತೆವ್ವ ಅಂಗಳ ಗುಡಿಸುತ್ತಿದ್ದಳು.

“ನಿನಗ ನನ್ನ ಮ್ಯಾಲೆ ಸಿಟ್ಟೇನ ಇಲ್ಲಲ್ಲ?”

“ಐತಿ.”

‘ಸುಮ್ಮನ ಚಾಷ್ಟಿ ಮಾಡಾಕತ್ತಿ’ ಎನ್ನುವ ಮಾತು ವೀರವ್ವನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

“ಎಷ್ಟೈತಿ?”

“ಭಾಳ.”

ವೀರವ್ವ ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು.

“ಹೇಳು. ಎಲ್ಲಾ ಕೇಳ್ತೇನಿ.”

ಗುತ್ತೆವ್ವ ಕಸಬರಿಗೆ ಬದಿಗಿಟ್ಟಳು. ಹೇಳುವುದು ಬಹಳವಿತ್ತು.