ಖಾಲಿ ಟ್ರೈಲರಿನ ಭಾರ

ಮದುವೆಗೆ ಹಂಡೆ, ಕುರ್ಚಿ ಬಾಡಿಗೆ ಕೊಡುವವನು ನಾನು. ಜೀಪಿಗೆ ಟ್ರೈಲರ್ ಕಟ್ಟಿ ಓಡಿಸುವುದು ನನಗೆ ಹೊಸತಲ್ಲ. ಭಾರ ಟ್ರೈಲರಿನ ಚಕ್ರಕ್ಕಿಂತ ತುಸು ಮುಂದಿದ್ದು, ಜೀಪಿಗೆ ಸಿಕ್ಕಿಸುವ ಕೊಕ್ಕೆಯನ್ನು ಒತ್ತುತ್ತಿರಬೇಕು. ಹಿಂದೆ ಹೆಚ್ಚಾದರೆ ಟ್ರೈಲರ್ ಬಾಲ ಬೀಸುತ್ತದೆ, ಜೀಪನ್ನೂ ಕಂದಕಕ್ಕೆ ಎಳೆಯುತ್ತದೆ. ಎಷ್ಟು ಬೊಬ್ಬೆ ಹೊಡೆದರೂ ಲೋಡ್ ಮಾಡುವವರ ತಲೆಗೆ ಇದು ಹೋಗುವುದಿಲ್ಲ.

ಆ ಮಧ್ಯಾಹ್ನ ಮಾತ್ರ ಲೋಡೇ ಇರಲಿಲ್ಲ. ಮೂಡುಬಿದಿರೆಯಲ್ಲಿ ಸಾಮಾನು ಇಳಿಸಿ ಮರಳುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಹೆಂಡತಿ ಸೌದಾ ತೂಕಡಿಸುತ್ತಿದ್ದಳು. ಸಿದ್ಧಕಟ್ಟೆಯ ಇಳಿಜಾರಿನಲ್ಲಿ ಟ್ರೈಲರ್ ತೊಟ್ಟಿಲಿನಂತೆ ತೂಗತೊಡಗಿತು. ಮೆಲ್ಲನೆ ನಿಲ್ಲಿಸಿ ಇಳಿದು ನೋಡಿದೆ. ಟ್ರೈಲರ್ ಖಾಲಿ. ಆದರೂ ಅದರ ಹಿಂಭಾಗ ತಗ್ಗಿ, ಕೊಕ್ಕೆ ಮೇಲಕ್ಕೆ ಜಗ್ಗುತ್ತಿತ್ತು. ಉರಿಬಿಸಿಲಲ್ಲೂ ಕಬ್ಬಿಣ ಬಾವಿಯ ನೀರಿನಷ್ಟು ತಣ್ಣಗಿತ್ತು.

"ಖಾಲಿ ಗಾಡಿ, ಆದರೂ ಹಿಂದೆ ಭಾರ ಉಂಟು ಮಾರಾಯ್ತಿ" ಎಂದೆ.

ಸೌದಾ ಕಣ್ಣು ಮುಚ್ಚಿಕೊಂಡೇ ಬಸ್ ಕಂಡಕ್ಟರನ ಧಾಟಿಯಲ್ಲಿ ಕರೆದಳು: "ಸ್ವಲ್ಪ ಮುಂದೆ ಬನ್ನಿ, ಮುಂದೆ ಜಾಗ ಉಂಟು."

ಟ್ರೈಲರಿನ ಹಲಗೆಗಳು ಹಿಂದಿನಿಂದ ಒಂದೊಂದಾಗಿ ಕಿರುಗುಟ್ಟಿದವು. ಕೊಕ್ಕೆ ತಗ್ಗಿ ಸರಿಯಾಗಿ ಕೂತಿತು. ಆಮೇಲೆ ದಾರಿಯುದ್ದಕ್ಕೂ ಟ್ರೈಲರ್ ಅಲುಗಲೇ ಇಲ್ಲ; ಅಷ್ಟು ಹಿತವಾಗಿ ಅದು ಎಂದೂ ಬಂದದ್ದಿಲ್ಲ.

ಬಿ.ಸಿ.ರೋಡಿನ ನಮ್ಮ ಗೋದಾಮಿನಲ್ಲಿ ಕೊಕ್ಕೆ ಬಿಚ್ಚಿದೆ. ಟ್ರೈಲರಿನ ಮೂತಿ ಒಂದೇ ಕೈಗೆ ಹಗುರಾಗಿ ಎದ್ದಿತು. ಆದರೆ ಭಾರ ಕಳಚಿದ ಮೇಲೂ ಜೀಪಿನ ಹಿಂಭಾಗ ಮೇಲೇಳಲಿಲ್ಲ. ಮನೆಗೆ ಹೊರಡಲು ಹತ್ತಿ ಕೂತು ಕನ್ನಡಿ ನೋಡಿದೆ. ಸೌದಾ ಪಕ್ಕದಲ್ಲಿಟ್ಟಿದ್ದ ಚೀಲವನ್ನು ಮಡಿಲಿಗೆ ಎತ್ತಿಕೊಂಡು, ನಿದ್ದೆಯಲ್ಲೇ ಬದಿಗೆ ಸರಿದು ಜಾಗ ಬಿಟ್ಟಿದ್ದಳು.