ಹೆಂಗಸರ ಸಾಲಿನ ಅಂಬಾ

"ಏಯ್, ನೀ ಯಾವ ಸಾಲು?"

ಕುಮಟಾದ ಗೋಡಂಬಿ ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ದಾಸ ಹೀಗೆ ಕೂಗಿದಾಗ ಅಂಬಾ ಅಲ್ಲೇ ನಿಂತುಬಿಟ್ಟಳು. ಕೆಲಸದ ಮೊದಲ ದಿನ. ಸಂಜೆ ಮನೆಗೆ ಹೊರಡುವ ಮುನ್ನ ಎಲ್ಲರ ತಪಾಸಣೆ ಆಗಬೇಕು, ಯಾರೂ ಗೋಡಂಬಿ ಬಚ್ಚಿಟ್ಟುಕೊಂಡು ಹೋಗಬಾರದಲ್ಲ! ಗಂಡಸರ ಸಾಲಿಗೆ ದಾಸ, ಹೆಂಗಸರ ಸಾಲಿಗೆ ಬಾಡ ಊರಿನ ನಾಗಿ.

ಅಂಬಾ ಎತ್ತರದವಳು, ದನಿಯೂ ದಪ್ಪ. ಹುಟ್ಟಿದಾಗ ಗಂಡುಮಗು ಎಂದಿದ್ದರು. ತಾನು ಹೆಣ್ಣೆಂದು ಅವಳಿಗೆ ಬುದ್ಧಿ ಬಂದಾಗಿನಿಂದ ಗೊತ್ತು. ಅದಕ್ಕೇ ಭಟ್ಕಳದ ಮನೆ ಬಿಟ್ಟು ಬಂದಿದ್ದಳು. 'ಇಲ್ಲೂ ಗೊತ್ತಾದರೆ...?'

"ಸೀರೆ ಉಟ್ಟವಳಿಗೆ ಯಾವ ಸಾಲು ಅಂತ ಕೇಳ್ತ್ಯಲ್ಲ ಮಾರಾಯ, ನಿನ್ನ ಕಣ್ಣಿಗೆ ಎಂತ ಆತು?"

ಗಂಡಸರ ಸಾಲಿನಿಂದ ಹೀಗೆಂದು ನಕ್ಕವನು ಬಾಯ್ಲರ್ ನೋಡಿಕೊಳ್ಳುವ ಉಮೇಶ. ಅವಳು ತಿರುಗಿ ನೋಡಿದಳು. ಅವನೂ ನೋಡಿದ. ಅಷ್ಟೇ! ಇಂಥದ್ದಕ್ಕೆಲ್ಲ ಮುಹೂರ್ತ ಇಡುವವರು ಯಾರು?

ಮುಂದೆ ಒಂದು ವರ್ಷ ಅವಳು ಸಿಪ್ಪೆ ಬಿಡಿಸುವ ಹೆಂಗಸರ ಜೊತೆ ಕೂತಳು. ಊಟದ ಹೊತ್ತಿಗೆ ಉಮೇಶ ಏನಾದರೊಂದು ನೆಪ ಹುಡುಕಿಕೊಂಡು ಆ ಕಡೆ ಬರುತ್ತಿದ್ದ. 2009ರ ಮಳೆಗಾಲ ಕಳೆದ ಮೇಲೆ, ಹೊನ್ನಾವರದ ಬಂದರಿನಲ್ಲಿ ನಿಂತು, ಅವಳು ಉಮೇಶನಿಗೆ ತನ್ನ ವಿಷಯ ಎಲ್ಲ ಹೇಳಿಬಿಟ್ಟಳು.

ದೋಣಿ ಬಂತು. "ಆತು... ನಾ ಬತ್ತೆ" ಎಂದು ಅವನು ತನ್ನೂರು ಮಾವಿನಕುರ್ವೆಗೆ ಹೊರಟೇಹೋದ.

'ಅಸಹ್ಯ ಆಯಿತೇನೋ...' ಅಂಬಾ ಬಸ್ಸಿನಲ್ಲಿ ಸೆರಗು ಕಚ್ಚಿ ಅತ್ತಳು.

ಮಾರನೇ ಸಂಜೆ ದಾಸ ಹೇಳಿದ: "ನಿಂಗೆ ತಪಾಸಣೆ ಇಲ್ಲ ಅಂತೆ. ಮ್ಯಾನೇಜರ್ ಆರ್ಡರ್. ಹೋಗು."

ಸಾಲಿನಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಗೇಟಿನಲ್ಲಿ ಮ್ಯಾನೇಜರನ ಹೆಂಡತಿಯ ಚೀಲವನ್ನೂ ಬಿಡುತ್ತಿರಲಿಲ್ಲ. ಇವಳಿಗೇನು ವಿಶೇಷ? ವಾರದೊಳಗೆ ಮಾತು ಹಬ್ಬಿತು: ಅಂಬಾ ಗೋಡಂಬಿ ಕದಿಯುತ್ತಾಳೆ!

ಮ್ಯಾನೇಜರ್ ಗುರುದತ್ತ ಕರೆಸಿದ. "ನಾಳೆಯಿಂದ ಬರೂದು ಬೇಡ. ಕಳ್ಳತನ ಅಂತ ಮಾತು ಬಂದಿದೆ. ಮೇಲಿಂದ ನೀನು ಹೆಂಗಸೇ ಅಲ್ಲ ಅಂತ ತಿಳೀತು."

ಹೊರಗೆ ಉಮೇಶ ಎದುರಾದ.

"ನೀ ಹೇಳಿದ್ಯಾ?"

"ನಾ ಹೇಳಲಿಲ್ಲ ಅಂಬಾ! ನಾಗಿ ಮೈ ಮುಟ್ಟಿದ್ರೆ ನಿಂಗೆ ತೊಂದರೆ ಆಗ್ತದೆ ಅಂತ, ತಪಾಸಣೆ ಬಿಡಿ ಅಂತ ಮಾತ್ರ ಮ್ಯಾನೇಜರ್ ಹತ್ರ ಕೇಳ್ದೆ. ಯಾಕೆ ಅಂದ್ರು. ಸುಮ್ಮನಾದೆ. ಆಮೇಲೆ ಅವರೇ ಅರ್ಥ ಮಾಡ್ಕಂಡ್ರು..."

"ನನ್ನ ಕೇಳಿದ್ಯಾ? ಒಂದು ಮಾತು?"

ಒಳ್ಳೆಯದು ಮಾಡಲು ಹೋಗಿ ಹೊಟ್ಟೆಯ ಮೇಲೆ ಹೊಡೆದಿದ್ದ, ಪುಣ್ಯಾತ್ಮ!

ಕಾರ್ಮಿಕ ಇಲಾಖೆಯ ಕಚೇರಿಗೆ ಅವಳು ಒಬ್ಬಳೇ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಅಲ್ಲಿನ ಅಧಿಕಾರಿ ಅಮಿತಾ ಸಿಹಿ ಮಾತಾಡುವವರಲ್ಲ.

"ಜುಲೈಯಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿದ್ದು ಕೇಳಿರಬಹುದು. ಗಂಡು ಗಂಡು ಕೂಡಿದರೆ ಅಪರಾಧವಲ್ಲ ಅಂತ. ಅದರಲ್ಲಿ ನಿಮ್ಮ ನೌಕರಿಯ ಮಾತಿಲ್ಲ. ನಿಮ್ಮಂಥವರನ್ನು ಕೆಲಸದಿಂದ ತೆಗೆಯಬಾರದು ಅನ್ನುವ ಕಾಯಿದೆ ಈ ದೇಶದಲ್ಲಿ ಇನ್ನೂ ಬಂದಿಲ್ಲ."

ಅಂಬಾ ಎದ್ದಳು.

"ಕೂತ್ಕೊಳ್ಳಿ. ಆದರೆ ವರ್ಷ ದುಡಿದ ಯಾರನ್ನೂ ಬಾಯಿಮಾತಲ್ಲಿ ತೆಗೆಯೋ ಹಾಗಿಲ್ಲ. ನೋಟಿಸ್ ಕೊಡಬೇಕು, ಕಾರಣ ಬರೀಬೇಕು. ಬರೆದು ಕೊಡಿ ಅಂತ ಕೇಳಿ. ಕೊಡದಿದ್ದರೆ ನನ್ನ ಹತ್ರ ಬನ್ನಿ."

ಮರುದಿನ ಅವಳು ಮ್ಯಾನೇಜರನ ಕೋಣೆಗೆ ಹೋದಾಗ ನಾಗಿ ತಾನಾಗಿಯೇ ಬೆನ್ನಿಗೆ ಬಂದಳು.

"ಕಾರಣ ಬರೆದು ಕೊಡಿ ಸಾರ್" ಎಂದಳು ಅಂಬಾ.

"ಕಳ್ಳತನ ಅಂತ ಬರೀತೆ!"

"ಬರೀರಿ," ನಾಗಿ ಅಂದಳು. "ತಪಾಸಣೆ ಬೇಡ ಅಂದವರು ನೀವೇ ಅಂತಾನೂ ಬರೀರಿ."

"ಇವಳು ಹೆಂಗಸಲ್ಲ, ನಿಂಗೆ ಗೊತ್ತುಂಟಾ?"

"ಮೊದಲ ದಿನವೇ ಗೊತ್ತಾತು ಒಡೆಯಾ. ಸೆರಗಲ್ಲಿ ಗೋಡಂಬಿ ಇದ್ಯಾ ನೋಡೂದು ನನ್ನ ಕೆಲಸ. ಉಳ್ದ ಪಂಚಾಯ್ತಿ ನಂಗೆ ಎಂತಕ್ಕೆ?"

ಅಂಬಾ ದಂಗಾದಳು. ವರ್ಷವಿಡೀ ತಾನು ಉಸಿರು ಬಿಗಿಹಿಡಿದು ನಿಂತದ್ದು ಈ ಕೈಗಳ ಮುಂದೆಯೇ!

ಗುರುದತ್ತ ಪೆನ್ನು ತೆಗೆದ, ಮತ್ತೆ ಮುಚ್ಚಿದ. "ಹೋಗು, ಕೆಲಸ ಮಾಡು" ಎಂದ. ಅವನ ಮನಸ್ಸೇನೂ ಬದಲಾಗಿರಲಿಲ್ಲ. ಸಹಿ ಹಾಕುವ ಧೈರ್ಯ ಬರಲಿಲ್ಲ, ಅಷ್ಟೆ.

ಆ ಸಂಜೆ ಅಂಬಾ ತಾನೇ ಕೇಳಿ ಹೆಂಗಸರ ಸಾಲಿನಲ್ಲಿ ನಿಂತು ತಪಾಸಣೆ ಮಾಡಿಸಿಕೊಂಡಳು. ಹೊರಗೆ ಬಂದರೆ, ರಸ್ತೆಯ ಬದಿಗೆ ಉಮೇಶ!

"ಅವತ್ತು ದೋಣಿ ಹತ್ತಿ ಹೋದದ್ದು ಅಸಹ್ಯಕ್ಕಲ್ಲ ಅಂಬಾ. ಹೆದರಿಕೆ ಆತು. ನಿನ್ನನ್ನ ಯಾರಾದ್ರೂ ನೋಯಿಸಿದ್ರೆ ಅಂತ. ಕಡೆಗೆ ನೋಯಿಸಿದವ ನಾನೇ. ತಪ್ಪಾತು."

ಅವಳ ಕಣ್ಣು ತುಂಬಿತು. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಪ್ರೀತಿಯೂ ಇಳಿದಿರಲಿಲ್ಲವಲ್ಲ!

"ಇನ್ನು ಎಂತ ಮಾಡೂದಿದ್ರೂ ನಿನ್ನನ್ನ ಕೇಳ್ತೆ. ಈಗ ಒಂದು ಕೇಳ್ಲಾ?"

"ಕೇಳು."

"ಆಯಿತವಾರ ಮನೆಗೆ ಬತ್ಯಾ? ಅವ್ವಿ ಹತ್ರ ನಿನ್ನ ವಿಷಯ ಹೇಳ್ಬೇಕು. ನಂಗೆ ನೀನೇ ಬೇಕು ಅಂಬಾ. ಅವ್ವಿಗೆ ಎಂತ ಹೇಳ್ಲಿ?"

ಅಂಬಾ ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು.

"ನಾ ಬತ್ತೆ ಅಂತ ಮಾತ್ರ ಹೇಳು. ಉಳಿದದ್ದು ನಾನೇ ಹೇಳ್ತೆ."